ತಕ್ಕದ್ದು

ಧಾರವಾಡ, ಸಪ್ತಾಪುರ ಭಾವಿಯ ಹತ್ತಿರ ನನ್ನ ಟೈಪಿಂಗ್ ಅಂಗಡಿ.
ಇಂಗ್ಲಿಷಿಗೆ ಪುಟಕ್ಕೆ ಹದಿನೈದು, ಕನ್ನಡಕ್ಕೆ ಇಪ್ಪತ್ತು.
ಚೌಕಾಸಿ ಮಾಡುವವರಿಗೆ ಹೇಳುತ್ತೇನೆ:
ಒತ್ತಕ್ಷರದ ಕೂಲಿ ಬೇರೆ.

ತಾಂಜಾನಿಯಾದ ಹುಡುಗಿ, ಕಾನೂನಿನಲ್ಲಿ ಪಿಎಚ್‌ಡಿ,
ಹೆಸರು ನಮ್ನ್ಯಾಕ್.
ಝೆರಾಕ್ಸಿನ ಇಮಾಮಹುಸೇನನ ನಾಲಿಗೆಗೆ ಹತ್ತದೆ
‘ನಮ್ಮಕ್ಕ ಬಂದ್ಲರೀ’ ಅನ್ನುತ್ತಾನೆ.
ಅವಳೂ ಓಗೊಡುತ್ತಾಳೆ.

ಮುನ್ನೂರ ಹನ್ನೆರಡು ಪುಟ.
ಅವಳ ನಾಡಿನ ಕಾಯ್ದೆ, ಅದರ ಮಗ್ಗುಲ ನಾಡುಗಳವು,
ಕೊನೆಯ ಅಧ್ಯಾಯಕ್ಕೆ ನಮ್ಮದು, ಎಪ್ಪತ್ತೆರಡರದು.
ಮೂರು ವಾರ ನನ್ನ ಬೆರಳ ಕೆಳಗೆ ಆನೆ ನಡೆದವು,
ಗಡ್ಡದ ಕಾಡುದನ ಹೊಳೆ ದಾಟಿದವು ಕಲಂ ಕಲಮಾಗಿ.
ಒಂದು ಸಂಜೆ ಯಾವುದೋ ಕಪ್ಪೆಯ ಹೆಸರು
ಯಾದಿಯಿಂದ ಜಾರಿತ್ತು, ನನ್ನದೇ ತಪ್ಪು.
ನಡುರಾತ್ರಿ ನೆನಪಾಗಿ ನಿದ್ದೆ ಬರಲಿಲ್ಲ.
ಒಂದು ಸಾಲು ಕಾಣೆಯಾದರೆ ಸಾಕು
ಒಂದು ಜೀವ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಅವಳು ಕೇಳಿದಳು, ಎರಡು ಪುಟ ಕನ್ನಡದಲ್ಲಿ ಬೇಕು,
ಹುನಸಿಕಟ್ಟಿಯವರಿಗೆ, ಕುಂತು ಮಾತಾಡಿದವರಿಗೆ,
ಉತ್ತರ ಇಸಕೊಂಡು ಹಾಗೇ ಹೋದಳು ಅನ್ನಬಾರದು.
ಹುನಸಿಕಟ್ಟಿ ನಮ್ಮೂರು. ಅದನ್ನು ಆಗ ಹೇಳಿದೆ.

‘ಶಲ್’ ಅನ್ನುವಲ್ಲೆಲ್ಲ ನಿಂತೆ.
ಸರಕಾರಿ ಕನ್ನಡದಲ್ಲಿ ಅದಕ್ಕೆ ಒಂದೇ ಮಾತು.
ಕಡಿಯತಕ್ಕದ್ದಲ್ಲ. ಮೇಯಿಸತಕ್ಕದ್ದಲ್ಲ. ಕಾಪಾಡತಕ್ಕದ್ದು.
‘ತಕ್ಕದ್ದು ಅಂದರೆ?’
ಗಡಿಗೆಗೆ ತಕ್ಕ ಮುಚ್ಚಳ ಅಂದೆ,
ಎದುರಿನ ಕಿರಾಣಿಯ ತಕ್ಕಡಿ ತೋರಿಸಿದೆ.
ಅವಳು ಬಹಳ ಹೊತ್ತು ತಕ್ಕಡಿಯನ್ನೇ ನೋಡಿದಳು.
ಒಂದು ಕಡೆ ಶೇಂಗಾ, ಒಂದು ಕಡೆ ಕಬ್ಬಿಣ.

ನಮ್ಮಪ್ಪ ಅಲ್ಲಿ ದಿನಗೂಲಿ ವಾಚರ್ ಇದ್ದ,
ಅದಕ್ಕೂ ಮೊದಲು ಗುಂಡಿ ತೋಡುವವ.
ಎದೆಮಟ ಹುಲ್ಲು ಹೆರೆದು ನೀಲಗಿರಿ ಹಚ್ಚಿದವ.
ಚಿಗರಿ ಹೆಂಗೋ ಉಳಿದವು. ಎರೆಭೂತ ಹೋಯಿತು,
ಆ ಎತ್ತರದ ಹಕ್ಕಿ, ಗೌಡರಂತೆ ಕತ್ತೆತ್ತಿ ನಡೆಯುವುದು.
‘ಕಾಯ್ದೆ ಇತ್ತಲ್ಲಪ್ಪಾ?’
‘ಇತ್ತಲ್ಲಬೇ. ಮೊದಲನೇ ಯಾದಿಯೊಳಗ ಅದರ ಹೆಸರಿತ್ತು.
ಅದಕ್ಕ ಹುಲ್ಲು ಬೇಕು ಅನ್ನೂದು
ಬರದವರಿಗೆ ಗೊತ್ತಿತ್ತೋ ಇಲ್ಲೋ,
ತೋಡಾಂವಗ ಗೊತ್ತಿತ್ತು.
ಕೂಲಿ ಮೂರು ರೂಪಾಯಿ.’

ನಮ್ನ್ಯಾಕಳ ಅಜ್ಜನಿಗೂ ಒಂದು ಗೆರೆ ಸಿಕ್ಕಿತ್ತು.
ಸಿಂಹಕ್ಕೆಂದು ಎಳೆದದ್ದು, ಸುಣ್ಣ ಬಳಿದ ಕಲ್ಲುಗಳು:
ನೀರು ಆಚೆ, ಅಜ್ಜನ ದನ ಈಚೆ.
ಒಂದು ಪ್ಯಾರಾ ಬರೆದಿದ್ದಳು, ನಾನೇ ಹೊಡೆದಿದ್ದೆ.
‘ಮನೆ ಕಥೆ ಬೇಡ’ ಎಂದು ಗೈಡು ಕೆಂಪು ಗೀಟು ಎಳೆದರು.
ಅಳಿಸು ಅಂದಳು. ಅಳಿಸಿದೆ.
ಅಳಿಸುವ ಮುಂಚೆ ಬೇರೆ ಕಡತದಲ್ಲಿ ಇಟ್ಟೆ,
ಯಾಕೆಂದು ನನಗೂ ಆಗ ಗೊತ್ತಿರಲಿಲ್ಲ.

ಕಾಯ್ದೆಯ ಕನ್ನಡದಲ್ಲಿ ಇನ್ನೊಂದು ಮಾತಿದೆ: ಪರಂತು.
ಸಾಮಾನ್ಯವಾಗಿ ಗಣಿಯವರು, ರಸ್ತೆಯವರು
ಆ ಕಿಂಡಿಯಲ್ಲಿ ತೂರಿ ಒಳಗೆ ಬರುತ್ತಾರೆ.
ಎರಡನೇ ಪುಟದ ಕೆಳಗೆ ನಾಕು ಬೆರಳು ಜಾಗ ಉಳಿದಿತ್ತು.
ಅವಳ ಕಡೆ ನೋಡಿದೆ. ಹೂಂ ಅಂದಳು.
ಹೊಡೆದೆ:

ಪರಂತು, ಯಾವ ನೆಲಕ್ಕೆ ಯಾವುದು ತಕ್ಕದ್ದು ಎಂಬುದನ್ನು
ಅಲ್ಲಿ ದನ ಕಾಯ್ದವನನ್ನೂ ಗುಂಡಿ ತೋಡಿದವನನ್ನೂ
ಕೇಳದೆ ಬರೆಯತಕ್ಕದ್ದಲ್ಲ.

ಎರಡು ಪುಟಕ್ಕೆ ನಲವತ್ತು ರೂಪಾಯಿ. ತಗೊಂಡೆ.

ಅಪ್ಪ ಕಟ್ಟೆಯ ಮೇಲೆ ಕುಂತು, ಕನ್ನಡಕ ಒರೆಸಿ,
ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ.
ಕೊನೆಗೆ ಬೆರಳಿಟ್ಟ:
‘ಇದು ಎಷ್ಟನೇ ಕಲಂ?’
‘ಇನ್ನಾ ನಂಬರ್ ಬಿದ್ದಿಲ್ಲಪ್ಪಾ.’
ಹಾಳೆ ನಾಕು ಮಡಿಕೆ ಮಾಡಿದ,
ಬೀಡಿಯ ಕಿಸೆ ಬಿಟ್ಟು
ಇನ್ನೊಂದರೊಳಗೆ ಇಟ್ಟುಕೊಂಡ.